ಅಪ್ಪನನ್ನೂ ತೂಗಿ: ಪಾರ್ಕಿನ್ಸನ್ ಇರುವ ಮನೆಗೆ ಕೆಲವು ಯಶಸ್ಸಿನ ಸೂತ್ರಗಳು

ನರಗುಂದದ ಎಪಿಎಂಸಿ ಯಾರ್ಡಿನಲ್ಲಿ ಹೆಸರಿನ ಚೀಲ ಕಾಟಾ ಏರಿದರೆ ನೂರು ಗ್ರಾಮಿಗೂ ಜಗಳ. ರೋಣದ ಉಳ್ಳಾಗಡ್ಡಿ, ಗಜೇಂದ್ರಗಡದ ಮಗ್ಗಕ್ಕೆ ಬರುವ ನೂಲು, ಕಿರಾಣಿ ಅಂಗಡಿಯ ಬೆಲ್ಲ, ಎಲ್ಲಕ್ಕೂ ಲೆಕ್ಕವುಂಟು. ಪಡಸಾಲೆಯ ಮೂಲೆಯಲ್ಲಿ ಕೈ ನಡುಗಿಸುತ್ತ ಕೂತ ಹಿರಿಯರ ತೂಕ ಎಷ್ಟು ಅಂತ ಕೇಳಿ ನೋಡಿ. ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ‘ಸ್ವಲ್ಪ ಸೊರಗ್ಯಾರ್ರೀ’ ಅನ್ನುವುದೇ ಉತ್ತರ.

ಪಾರ್ಕಿನ್ಸನ್ ಕಾಯಿಲೆಯಲ್ಲಿ ಆ ‘ಸ್ವಲ್ಪ’ ಸಣ್ಣ ಸುದ್ದಿಯಲ್ಲ. ಮಿದುಳಿನಲ್ಲಿ ಡೋಪಮೈನ್ ತಯಾರಿಸುವ ಕೋಶಗಳು ಸಾಯುತ್ತ ಹೋಗುವ ಕಾಯಿಲೆ ಇದು. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಇದರ ಬಗ್ಗೆ ಬರೆದ. ನಡುಕ, ಬಿಗಿತ, ನಿಧಾನ ನಡಿಗೆ ಎಲ್ಲರ ಕಣ್ಣಿಗೂ ಬೀಳುತ್ತವೆ, ಇಳಿಯುವ ತೂಕ ಬೀಳುವುದಿಲ್ಲ. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯೊಂದು ಲಕ್ಷ ಜನರಲ್ಲಿ 33 ಮಂದಿಗೆ ಪಾರ್ಕಿನ್ಸನ್ ಇದೆ ಎಂದಿತ್ತು. 2011ರ ಜನಗಣತಿಯ ಪ್ರಕಾರ 10.64 ಲಕ್ಷ ಜನರಿರುವ ಗದಗ ಜಿಲ್ಲೆಗೆ ಅದೇ ಲೆಕ್ಕ ಹಚ್ಚಿದರೆ ಸುಮಾರು 350 ಮನೆ. ಮುದುಕರ ಸಂಖ್ಯೆ ಅಂದಿಗಿಂತ ಹೆಚ್ಚಿರುವುದರಿಂದ ಇದನ್ನು ಕನಿಷ್ಠ ಅಂದುಕೊಳ್ಳಿ.

ಯಶಸ್ಸು ಅಂದರೆ ಇಲ್ಲಿ ವಾಸಿಯಾಗುವುದಲ್ಲ. ಬೇರುಸಹಿತ ಕೀಳುವ ಮದ್ದು ಇನ್ನೂ ಬಂದಿಲ್ಲ. ಆದರೆ ಪಾರ್ಕಿನ್ಸನ್ ಬಂದರೆ ಬದುಕು ಮುಗಿಯಿತು ಅನ್ನುವುದೂ ಸುಳ್ಳು. ಬಾಕ್ಸರ್ ಮುಹಮ್ಮದ್ ಅಲಿಗೆ ಕಾಯಿಲೆ ಪತ್ತೆಯಾದದ್ದು 1984ರಲ್ಲಿ, ಅವರು ತೀರಿಕೊಂಡದ್ದು 2016ರಲ್ಲಿ. ಜೀವ ತೆಗೆಯುವುದು ಬಹುತೇಕ ಕಾಯಿಲೆಯ ಬೆನ್ನಿಗೆ ಬರುವ ತೊಂದರೆಗಳು: ತುತ್ತು ಶ್ವಾಸನಾಳಕ್ಕೆ ಇಳಿದು ಬರುವ ನ್ಯುಮೋನಿಯಾ, ಬಿದ್ದು ಮುರಿದ ಸೊಂಟ, ಹಾಸಿಗೆ ಹಿಡಿದ ಮೇಲಿನ ಸೋಂಕು. ಸೊರಗಿದ ಮೈ ಇವುಗಳ ಎದುರು ನಿಲ್ಲಲಾರದು. ಕಿಲೋ ಉಳಿಸಿಕೊಳ್ಳುವುದೇ ಇಲ್ಲಿ ಗೆಲುವು.

1. ತಿಂಗಳಿಗೊಮ್ಮೆ ತೂಗಿ, ಬರೆದಿಡಿ

ನಿಮ್ಮೂರಿನ ತಿಂಗಳ ಮೊದಲ ಸಂತೆಯ ದಿನ ಅಂತ ಗೊತ್ತು ಮಾಡಿಕೊಳ್ಳಿ, ಮರೆಯುವುದಿಲ್ಲ. ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಮೊದಲು, ಚಪ್ಪಲಿ ಬಿಟ್ಟು, ಹಗುರ ಬಟ್ಟೆಯಲ್ಲಿ. ಪ್ರತಿ ಸಲ ಒಂದೇ ತಕ್ಕಡಿ ಇರಲಿ. ಮನೆಯಲ್ಲಿ ಇಲ್ಲದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದೆ, ಗರ್ಭಿಣಿಯರನ್ನು ತೂಗುವ ಅಂಗನವಾಡಿಯಲ್ಲಿ ಇದೆ. ನಿಂತರೆ ವಾಲುವವರಿದ್ದರೆ ಕಿರಾಣಿ ಅಂಗಡಿಯ ನೆಲದ ಕಾಟಾದ ಮೇಲೆ ಕುರ್ಚಿ ಇಟ್ಟು ಕೂರಿಸಿ, ಆಮೇಲೆ ಕುರ್ಚಿಯ ತೂಕ ಕಳೆಯಿರಿ. ಜೋಳದ ಚೀಲ ಏರುವ ಕಾಟಾದಲ್ಲಿ ಮನುಷ್ಯ ಕೂತರೆ ಮರ್ಯಾದೆ ಹೋಗುವುದಿಲ್ಲ.

ಬರೆಯುವುದಕ್ಕೆ ಗೋಡೆಯ ಕ್ಯಾಲೆಂಡರ್ ಸಾಕು. ಹಾಲಿನ ಲೆಕ್ಕ, ಸಿಲಿಂಡರ್ ಬಂದ ತಾರೀಖು ಬರೆಯುವ ಜಾಗದಲ್ಲೇ ಒಂದು ಅಂಕಿ. ವೈದ್ಯರ ಹತ್ತಿರ ಹೋಗುವಾಗ ಮೊಬೈಲಿನಲ್ಲಿ ಅದರ ಫೋಟೊ ಹೊಡೆದುಕೊಂಡು ಹೋಗಿ. ‘ಊಟ ಕಮ್ಮಿ ಮಾಡ್ಯಾರ’ ಎಂಬ ಮಾತಿಗಿಂತ ‘ಏಪ್ರಿಲ್‌ನಾಗ 58 ಇದ್ರು, ಈಗ 55’ ಎಂಬ ಮಾತಿಗೆ ಯಾವ ವೈದ್ಯರೂ ಪೆನ್ನು ಎತ್ತುತ್ತಾರೆ.

2. ಶೇಕಡ 5 ನೆನಪಿಡಿ

ಆರು ತಿಂಗಳಿಂದ ಒಂದು ವರ್ಷದೊಳಗೆ, ಬೇಕೆಂದು ಮಾಡದೆ, ತೂಕದಲ್ಲಿ ಶೇ 5 ಇಳಿದರೆ ಅದು ಎಚ್ಚರಿಕೆಯ ಗಂಟೆ. 60 ಕಿಲೋ ಇದ್ದವರಿಗೆ 3 ಕಿಲೋ. ನಮ್ಮ ಹಳ್ಳಿಗಳಲ್ಲಿ 45 ಕಿಲೋದ ಅಜ್ಜಿಯರೂ ಇದ್ದಾರೆ. ಅವರಿಗೆ ಎರಡೂಕಾಲು ಕಿಲೋ ಇಳಿದರೂ ಅಷ್ಟೇ ಗಂಭೀರ. ತಕ್ಕಡಿಗೂ ಮುಂಚೆ ಸುಳಿವು ಕೊಡುವವು ಬೇರೆ ಇವೆ: ಬಳೆ ಮೊಣಕೈವರೆಗೆ ಜಾರುವುದು, ಕಟ್ಟಿಸಿದ ಹಲ್ಲಿನ ಸೆಟ್ಟು ಸಡಿಲಾಗುವುದು, ಧೋತ್ರದ ಗಂಟು ನಿಲ್ಲದಿರುವುದು.

‘ವಯಸ್ಸಾತಲ್ರೀ, ಸೊರಗೋದ ಹಂಗ’ ಎಂಬ ಮಾತನ್ನು ಮನೆಯಿಂದ ಹೊರಗೆ ಹಾಕಿ. ಹಾಗೆಯೇ, ಎಲ್ಲದಕ್ಕೂ ಪಾರ್ಕಿನ್ಸನ್ನನ್ನೇ ದೂರಬೇಡಿ. ಸಕ್ಕರೆ ಕಾಯಿಲೆ, ಥೈರಾಯ್ಡ್, ಕ್ಷಯ, ಕ್ಯಾನ್ಸರ್ ಕೂಡ ತೂಕ ಇಳಿಸುತ್ತವೆ. ವೈದ್ಯರು ಅವುಗಳನ್ನೂ ನೋಡಿ ತಳ್ಳಿಹಾಕಲಿ.

3. ಸಂಶೋಧನೆ ಏನು ಹೇಳಿದೆ ಎಂದು ತಿಳಿದುಕೊಳ್ಳಿ, ಹೇಳದ್ದನ್ನು ಸೇರಿಸಬೇಡಿ

ಜಿಮ್‌ಗೆ ಹೋಗುವ ಹುಡುಗರು ಕುಡಿಯುವ ಕ್ರಿಯಾಟಿನ್ ಪುಡಿ ಗೊತ್ತಲ್ಲ? ಅದು ಪಾರ್ಕಿನ್ಸನ್ನಿನ ಓಟ ನಿಧಾನ ಮಾಡೀತೇ ಎಂದು ಅಮೆರಿಕ ಮತ್ತು ಕೆನಡಾದಲ್ಲಿ 1,700ಕ್ಕೂ ಹೆಚ್ಚು ರೋಗಿಗಳ ಮೇಲೆ ವರ್ಷಗಟ್ಟಲೆ ಪರೀಕ್ಷೆ ನಡೆಯಿತು. ಪುಡಿಯಿಂದ ಲಾಭವಿಲ್ಲ ಎಂದು 2013ರಲ್ಲಿ ನಿಲ್ಲಿಸಿದರು. ಪುಡಿ ಸೋತರೂ ಪ್ರತಿ ಭೇಟಿಯಲ್ಲಿ ಬರೆದಿಟ್ಟ ತೂಕದ ಲೆಕ್ಕ ಉಳಿದಿತ್ತು. ಅದರಲ್ಲಿ 1,673 ಜನರ ಲೆಕ್ಕವನ್ನು ಬೇರೊಂದು ತಂಡ ಕೂತು ನೋಡಿ 2016ರಲ್ಲಿ ಪ್ರಕಟಿಸಿತು. ಬಹಳ ಜನರ ತೂಕ ಹೆಚ್ಚುಕಡಿಮೆ ಹಾಗೇ ಇತ್ತು. ಸುಮಾರು ಶೇ 9ರಷ್ಟು ಜನರದ್ದು ಇಳಿದಿತ್ತು. ಹಾಗೆ ಇಳಿದವರಲ್ಲಿ ನಡಿಗೆ, ಬಿಗಿತ, ನಡುಕಗಳ ಅಂಕ ಬೇಗ ಕೆಟ್ಟಿತ್ತು, ಬದುಕುಳಿದವರ ಪ್ರಮಾಣವೂ ಕಡಿಮೆ ಇತ್ತು.

ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಹೊಸ ರೋಗಿಗಳನ್ನು ಹಿಂಬಾಲಿಸಿದ ತಂಡ 2017ರಲ್ಲಿ ಇಂಥದೇ ಮಾತು ಹೇಳಿತು: ಆರಂಭದಲ್ಲೇ ತೂಕ ಕಳೆದುಕೊಂಡವರು ಪರಾವಲಂಬಿಗಳಾಗುವುದು, ಮರೆವಿಗೆ ಬೀಳುವುದು, ಸಾಯುವುದು ಹೆಚ್ಚು. ದಕ್ಷಿಣ ಕೊರಿಯಾದ ಸಂಶೋಧಕರು ಹೊಸದಾಗಿ ಕಾಯಿಲೆ ಪತ್ತೆಯಾದ 358 ಜನರ ದಾಖಲೆ ನೋಡಿದರು. ಮೊದಲ ವರ್ಷದಲ್ಲಿ ಶೇ 3ಕ್ಕಿಂತ ಹೆಚ್ಚು ಇಳಿದವರ ನೆನಪು, ಯೋಚನೆಯ ಶಕ್ತಿ ಬೇಗ ಮಂಕಾಗಿದ್ದವು. ಇನ್ನೂ ಹಿಂದಕ್ಕೆ ಹೋದರೆ, ಅಮೆರಿಕದ ನರ್ಸುಗಳು ಮತ್ತು ಆರೋಗ್ಯ ಸಿಬ್ಬಂದಿಯ ದೀರ್ಘ ಅಧ್ಯಯನವೊಂದು, ಕಾಯಿಲೆ ಪತ್ತೆಯಾಗುವ 2ರಿಂದ 4 ವರ್ಷ ಮೊದಲೇ ತೂಕ ಇಳಿಯಲು ಶುರುವಾಗಿರುತ್ತದೆ ಎಂದು 2003ರಲ್ಲೇ ತೋರಿಸಿತ್ತು.

ಈಗ ಎಚ್ಚರಿಕೆಯ ಮಾತು. ತೂಕ ಇಳಿದದ್ದರಿಂದ ಕಾಯಿಲೆ ಜೋರಾಯಿತೋ, ಜೋರಾಗುವ ಕಾಯಿಲೆಯೇ ತೂಕ ಇಳಿಸಿತೋ? ಈ ಅಧ್ಯಯನಗಳಿಂದ ತೀರ್ಮಾನ ಆಗುವುದಿಲ್ಲ. ಬಲವಂತವಾಗಿ ಉಣಿಸಿದರೆ ಆಯುಷ್ಯ ಬೆಳೆಯುತ್ತದೆ ಎಂದು ಯಾರೂ ಸಾಬೀತುಪಡಿಸಿಲ್ಲ. ಆದರೆ ಒಂದು ರಕ್ತ ಪರೀಕ್ಷೆಯ ಖರ್ಚೂ ಇಲ್ಲದೆ, ಮುಂದೆ ಬರುವ ಕಷ್ಟದ ಸುಳಿವು ಕೊಡುವ ಅಂಕಿಯನ್ನು ನೋಡದೆ ಬಿಡುವುದು ದಡ್ಡತನ. ನನ್ನ ನಿಲುವು ಅಷ್ಟೇ.

4. ಎಲ್ಲಿ ಸೋರುತ್ತಿದೆ, ಹುಡುಕಿ

ಕಾರಣ ಒಂದೇ ಇರುವುದಿಲ್ಲ. ದಿನವಿಡೀ ನಡುಕ, ಬಿಗಿತ, ಮಾತ್ರೆ ಹೆಚ್ಚಾದಾಗಿನ ಹೊಯ್ದಾಟ ಕೂತಲ್ಲೇ ಶಕ್ತಿ ಸುಡುತ್ತವೆ. ಮೂಗು ವಾಸನೆ ಮರೆತಿರುತ್ತದೆ, ಒಗ್ಗರಣೆ ಘಮ್ಮೆಂದರೂ ಬಾಯಲ್ಲಿ ನೀರು ಬರುವುದಿಲ್ಲ. ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ, ನಾಲ್ಕು ತುತ್ತಿಗೇ ‘ಸಾಕು’. ಮಾತ್ರೆಯಿಂದ ಹೊಟ್ಟೆ ತೊಳಸುತ್ತದೆ. ನುಂಗಲು ಕಷ್ಟ, ತುತ್ತು ಬಾಯಿ ಮುಟ್ಟುವುದರೊಳಗೆ ಅರ್ಧ ಚೆಲ್ಲಿರುತ್ತದೆ. ಮನಸ್ಸು ಕುಗ್ಗಿರುತ್ತದೆ. ನಿಮ್ಮ ಮನೆಯಲ್ಲಿ ಇವುಗಳಲ್ಲಿ ಯಾವುದು, ಎಷ್ಟು ಎಂದು ಒಂದು ವಾರ ಪಕ್ಕದಲ್ಲಿ ಕೂತು ನೋಡಿ. ಮುಂದಿನ ಸೂತ್ರಗಳಲ್ಲಿ ನಿಮಗೆ ಬೇಕಾದ್ದು ಯಾವುದೆಂದು ಆಗ ಗೊತ್ತಾಗುತ್ತದೆ.

5. ಮಾತ್ರೆ ಮೊದಲು, ತಟ್ಟೆ ಆಮೇಲೆ

ಲೆವೊಡೋಪಾ-ಕಾರ್ಬಿಡೋಪಾ ಈ ಕಾಯಿಲೆಯ ಮುಖ್ಯ ಮಾತ್ರೆ. ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ. ಇದು ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ದಾಟುವ ದಾರಿಯಲ್ಲೇ ಬೇಳೆ, ಹಾಲು, ಮೊಟ್ಟೆಯ ಪ್ರೋಟೀನು ಕರಗಿ ಆದ ಅಮೈನೋ ಆಮ್ಲಗಳೂ ದಾಟುತ್ತವೆ. ಸಂತೆ ದಿನ ಗಜೇಂದ್ರಗಡ ಬಸ್ ನಿಲ್ದಾಣದಲ್ಲಿ ಒಂದೇ ಬಾಗಿಲಿಗೆ ಎಲ್ಲರೂ ನುಗ್ಗಿದಂತೆ. ಮಾತ್ರೆ ಹೊರಗೇ ಉಳಿಯುತ್ತದೆ, ಕೈಕಾಲು ಬಿಗಿದೇ ಇರುತ್ತವೆ.

ಆದ್ದರಿಂದ ಊಟಕ್ಕೆ ಅರ್ಧ ಗಂಟೆ ಮೊದಲು ಮಾತ್ರೆ, ಇಲ್ಲವೇ ಊಟವಾಗಿ ಒಂದು ಗಂಟೆಯಾದ ಮೇಲೆ. ನೀರಿನ ಜೊತೆ, ಹಾಲಿನ ಚಹಾದ ಜೊತೆ ಅಲ್ಲ. ಹೊಟ್ಟೆ ತೊಳಸಿದರೆ ಒಂದು ತುಂಡು ಬಾಳೆಹಣ್ಣು ಸಾಕು. ರಕ್ತಹೀನತೆಗೆ ಕೊಡುವ ಕಬ್ಬಿಣದ ಮಾತ್ರೆಯೂ ಲೆವೊಡೋಪಾದ ಕೆಲಸಕ್ಕೆ ಅಡ್ಡಿ. ಎರಡರ ನಡುವೆ ಕನಿಷ್ಠ ಎರಡು ಗಂಟೆ ಬಿಡಿ.

ಇಲ್ಲೇ ಒಂದು ಅನಾಹುತ ಆಗುವುದುಂಟು. ‘ಬ್ಯಾಳಿ ತಿಂದ್ರ ಮಾತ್ರೆ ಹತ್ತಂಗಿಲ್ಲ’ ಎಂದು ಯಾರೋ ಹೇಳಿದ್ದನ್ನು ಕೇಳಿ, ಹಿರಿಯರಿಗೆ ಬೇಳೆ, ಮೊಸರು, ಕಾಳು ಎಲ್ಲ ಬಂದ್. ಮೂರು ತಿಂಗಳಲ್ಲಿ ತೋಳಿನ ಸ್ನಾಯು ಕರಗಿ ಚರ್ಮ ಜೋತು ಬೀಳುತ್ತದೆ. ಪ್ರೋಟೀನು ಬಿಡಬಾರದು, ಹೊತ್ತು ಬದಲಿಸಬೇಕು. ಮಾತ್ರೆ ಹಗಲು ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು ವೈದ್ಯರಿಗೆ ಅನ್ನಿಸಿದರೆ ಮಾತ್ರ ಬೇಳೆ, ಕಾಳು, ಮೊಟ್ಟೆಯ ಹೆಚ್ಚಿನ ಪಾಲನ್ನು ರಾತ್ರಿಯೂಟಕ್ಕೆ ಸರಿಸಲು ಹೇಳುತ್ತಾರೆ. ಎಲ್ಲರಿಗೂ ಅದು ಬೇಕಾಗುವುದಿಲ್ಲ.

6. ನಸುಗುನ್ನಿ ಬೀಜವನ್ನು ನೀವೇ ಕುಟ್ಟಬೇಡಿ

ಮುಟ್ಟಿದರೆ ಮೈ ಕೆರೆತ ಹತ್ತಿಸುವ ನಸುಗುನ್ನಿ ಕಾಯಿಯ ಬೀಜದಲ್ಲಿ ಲೆವೊಡೋಪಾ ಇರುವುದು ನಿಜ. ಭಾರತದ ವಿಜ್ಞಾನಿಗಳಾದ ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲೇ ಅದನ್ನು ಬೇರ್ಪಡಿಸಿ ತೋರಿಸಿದ್ದರು. ನಡುಕದ ಕಾಯಿಲೆಯಾದ ಕಂಪವಾತಕ್ಕೆ ಆಯುರ್ವೇದ ಇದನ್ನು ಬಳಸುತ್ತ ಬಂದಿದೆ. ತೊಂದರೆ ಇರುವುದು ಅಳತೆಯಲ್ಲಿ. ಬೀಜದಿಂದ ಬೀಜಕ್ಕೆ ಅಂಶ ಬೇರೆ. ಮಾತ್ರೆಯ ಮೇಲೆ ಪುಡಿಯೂ ಸೇರಿದರೆ ವಾಂತಿ, ತಲೆ ಸುತ್ತು, ಮೈ ಹೊಯ್ದಾಟ. ಹೊಯ್ದಾಟ ಹೆಚ್ಚಾದಷ್ಟೂ ತೂಕ ಇಳಿಯುತ್ತದೆ. ತೆಗೆದುಕೊಳ್ಳಲೇಬೇಕು ಎಂದರೆ ಎರಡೂ ಕಡೆಯ ವೈದ್ಯರಿಗೆ ತಿಳಿಸಿ.

7. ಗ್ಯಾಸ್ ಮಾತ್ರೆಯ ಹಿಂಬದಿ ಓದಿ

ಇದನ್ನು ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಳ್ಳಿ. ಔಷಧಿ ಅಂಗಡಿಯಲ್ಲಿ ಗ್ಯಾಸಿಗೆ ಕೊಡುವ ಕೆಲವು ಕ್ಯಾಪ್ಸೂಲುಗಳಲ್ಲಿ ಲೆವೊಸಲ್ಪಿರೈಡ್ ಇರುತ್ತದೆ. ವಾಂತಿಗೆ ಮೆಟೊಕ್ಲೋಪ್ರಮೈಡ್, ಪ್ರೊಕ್ಲೋರ್‌ಪೆರಜೀನ್. ತಲೆ ಸುತ್ತಿಗೆ ಸಿನ್ನರಿಜೀನ್, ಫ್ಲೂನರಿಜೀನ್. ಇವು ಡೋಪಮೈನ್‌ನ ದಾರಿಗೆ ಅಡ್ಡ ನಿಲ್ಲುತ್ತವೆ. ಪಾರ್ಕಿನ್ಸನ್ ಇದ್ದವರಿಗೆ ಕಾಯಿಲೆ ಜೋರು ಮಾಡುತ್ತವೆ, ಇಲ್ಲದವರಿಗೂ ತಿಂಗಳುಗಟ್ಟಲೆ ನುಂಗಿದರೆ ಅದರಂಥದೇ ನಡುಕ, ಬಿಗಿತ ತರುತ್ತವೆ. ಹಾಗೆ ಬಂದ ನಡುಕ ಎಷ್ಟೋ ಸಲ ಮಾತ್ರೆ ಬಿಟ್ಟ ಮೇಲೆ ವಾರ, ತಿಂಗಳುಗಳಲ್ಲಿ ಇಳಿಯುತ್ತದೆ. ಊಟ ಸೇರುತ್ತಿಲ್ಲ ಎಂದು ಗ್ಯಾಸಿನ ಗುಳಿಗೆ ತರುವ ಮೊದಲು ಪಾರ್ಕಿನ್ಸನ್ ಇದೆ ಎಂದು ಅಂಗಡಿಯವರಿಗೂ ಹೇಳಿ, ವೈದ್ಯರಿಗೂ ಹೇಳಿ.

8. ತುತ್ತು ಚಿಕ್ಕದಿರಲಿ, ಗಟ್ಟಿ ಇರಲಿ

ಎರಡು ಹೊತ್ತು ತಟ್ಟೆ ತುಂಬ ಬಡಿಸುವುದು ಬಿಟ್ಟು ಐದಾರು ಹೊತ್ತು ಸ್ವಲ್ಪ ಸ್ವಲ್ಪ ಕೊಡಿ. ನಮ್ಮ ಅಡಿಗೆಮನೆಯಲ್ಲಿ ಇದಕ್ಕೆ ಬೇಕಾದ್ದೆಲ್ಲ ಇದೆ. ಮಾರುಕಟ್ಟೆಯ ದುಬಾರಿ ಪ್ರೋಟೀನ್ ಡಬ್ಬಕ್ಕೆ ಹೋಗುವ ಮೊದಲು ಶೇಂಗಾ ನೋಡಿ: 100 ಗ್ರಾಂನಲ್ಲಿ ಸುಮಾರು 25 ಗ್ರಾಂ ಪ್ರೋಟೀನು, 560ಕ್ಕೂ ಹೆಚ್ಚು ಕ್ಯಾಲರಿ. ನಾಗರ ಪಂಚಮಿಗೆ ಮಾತ್ರ ಕಟ್ಟುವ ಶೇಂಗಾ ಉಂಡಿ, ಎಳ್ಳುಂಡಿ ವರ್ಷವಿಡೀ ಡಬ್ಬದಲ್ಲಿರಲಿ. ಅಗಿಯಲು ಬಾರದವರಿಗೆ ನುಣ್ಣಗೆ ಕುಟ್ಟಿ ಮೆತ್ತಗೆ ಕಟ್ಟಿ. ಕರದಂಟು ಬಾಣಂತಿಗೆ ಮಾತ್ರ ಎಂಬ ಕಾನೂನೇನೂ ಇಲ್ಲ, ಆದರೆ ಅಂಟಿನ ತುಂಡು ಗಟ್ಟಿ, ಹಲ್ಲು ನೋಡಿ ಕೊಡಿ. ಜೋಳದ ನುಚ್ಚಿಗೆ ಕೆನೆ ಮೊಸರು, ಹೆಸರುಬೇಳೆಯ ಕಿಚಡಿಗೆ ಎರಡು ಚಮಚ ತುಪ್ಪ, ಮಾದಲಿಗೆ ಹಾಲು. ಒಂದು ಚಿಕ್ಕ ಚಮಚ ತುಪ್ಪದಲ್ಲಿ ಸುಮಾರು 45 ಕ್ಯಾಲರಿ. ದಿನಕ್ಕೆ ನಾಲ್ಕು ಚಮಚ ಸೇರಿದರೆ ಒಂದು ಲಘು ಊಟದಷ್ಟಾಯಿತು, ಹೊಟ್ಟೆಗೆ ಭಾರವೂ ಇಲ್ಲ.

‘ಎಣ್ಣಿ ತುಪ್ಪ ಬ್ಯಾಡ, ಕೊಲೆಸ್ಟ್ರಾಲ್’ ಎಂದು 45 ಕಿಲೋದ ಅಜ್ಜಿಗೆ ಉಪದೇಶ ಮಾಡುವ ಮೊಮ್ಮಕ್ಕಳು ಒಂದು ಸಲ ಅವಳ ವೈದ್ಯರನ್ನು ಕೇಳಲಿ. ಸಕ್ಕರೆ ಕಾಯಿಲೆ ಇದ್ದರೆ ಬೆಲ್ಲದ ಪದಾರ್ಥಗಳಿಗೆ ಮಾತ್ರ ಬೇರೆ ಲೆಕ್ಕ.

ವಾಸನೆ ಹೋದ ಮೂಗಿಗೆ ಸಪ್ಪೆ ಊಟ ಶಿಕ್ಷೆ. ನಾಲಿಗೆಗೆ ಉಪ್ಪು, ಹುಳಿ, ಖಾರ ಇನ್ನೂ ತಿಳಿಯುತ್ತವೆ. ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಸ್ವಲ್ಪ ಕರಿಂಡಿ ಪಕ್ಕದಲ್ಲಿರಲಿ. ಚಟ್ನಿಪುಡಿಯನ್ನು ಒಣದಾಗಿಯೇ ಬಾಯಿಗೆ ಹಾಕಬೇಡಿ, ಮೊಸರಲ್ಲೋ ಎಣ್ಣೆಯಲ್ಲೋ ಕಲಸಿ. ಏಕೆಂಬುದು ಮುಂದಿನ ಸೂತ್ರದಲ್ಲಿದೆ.

9. ಖಡಕ್ ರೊಟ್ಟಿ ಕೆಳಗಿಡಿ

ತೂಕ ಮತ್ತು ಸಾವು ಎರಡೂ ಸೇರುವ ಜಾಗ ಗಂಟಲು. ಊಟ ಮಾಡುವಾಗ ಕೆಮ್ಮು, ನೀರು ಕುಡಿದ ಮೇಲೆ ಗೊರಗೊರ ದನಿ, ಕೆನ್ನೆಯಲ್ಲಿ ಉಳಿದ ಅನ್ನ, ಒಂದು ಊಟಕ್ಕೆ ಮುಕ್ಕಾಲು ಗಂಟೆ, ಮೇಲಿಂದ ಮೇಲೆ ಕಾರಣವಿಲ್ಲದ ಜ್ವರ: ಇವು ನುಂಗುವಿಕೆ ಕೆಟ್ಟಿರುವ ಲಕ್ಷಣ. ಕೆಲವರಿಗೆ ಕೆಮ್ಮೂ ಬರುವುದಿಲ್ಲ, ಸದ್ದಿಲ್ಲದೆ ಶ್ವಾಸನಾಳಕ್ಕೆ ಇಳಿಯುತ್ತದೆ.

ಮುರಿದರೆ ಚೂರಾಗುವ ಖಡಕ್ ರೊಟ್ಟಿ, ಒಣ ಅವಲಕ್ಕಿ, ಮಂಡಕ್ಕಿ ಇವರಿಗೆ ಅಪಾಯ. ಹಂಚಿನಿಂದ ಆಗ ಇಳಿಸಿದ ಮೆತ್ತನೆಯ ರೊಟ್ಟಿಯನ್ನು ಬಿಸಿ ಸಾರಿನಲ್ಲೋ ಹಾಲಿನಲ್ಲೋ ಚಿಕ್ಕದಾಗಿ ಮುರಿದು ಹಾಕಿ, ಮುಚ್ಚಿಟ್ಟು, ಸಾರು ಪೂರ್ತಿ ಹೀರಿಕೊಂಡ ಮೇಲೆ ಚಮಚದ ಹಿಂಬದಿಯಿಂದ ಅರೆಯಿರಿ. ತಟ್ಟೆ ವಾಲಿಸಿದರೆ ಸಾರು ಬೇರೆಯಾಗಿ ಹರಿಯಬಾರದು. ತೆಳು ಸಾರಿನಲ್ಲಿ ತೇಲುವ ಚೂರುಗಳೇ ಹೆಚ್ಚು ಕಷ್ಟ ಕೊಡುವುದು, ನೀರು ಮೊದಲು ಜಾರಿ ಚೂರು ಆಮೇಲೆ ಬರುತ್ತದೆ. ಒಂದೇ ಹದದ ಮುದ್ದೆಯಾದರೆ ನಾಲಿಗೆ ಅದನ್ನು ಒಟ್ಟಿಗೆ ಹಿಂದಕ್ಕೆ ತಳ್ಳುತ್ತದೆ.

ಬೆನ್ನು ನೆಟ್ಟಗೆ, ಗದ್ದ ತುಸು ಎದೆಯತ್ತ. ಒಂದು ತುತ್ತು, ಎರಡು ಸಲ ನುಂಗು. ಮಾತ್ರೆ ಹತ್ತಿ ಮೈ ಸಡಿಲಾದ ಹೊತ್ತಿಗೆ ಊಟ. ಉಂಡ ಮೇಲೆ ಅರ್ಧ ಗಂಟೆ ಒರಗುವಂತಿಲ್ಲ. ಇನ್ನೊಂದು ಹಳೇ ರೂಢಿ: ತುಟಿ ತಾಗಿಸದೆ ಚೊಂಬು ಎತ್ತಿ, ತಲೆ ಹಿಂದಕ್ಕೆ ಮಾಡಿ ನೀರು ಸುರಿದುಕೊಳ್ಳುವುದು. ಪಾರ್ಕಿನ್ಸನ್ ಇದ್ದವರು ಇದನ್ನು ಇವತ್ತೇ ಬಿಡಬೇಕು. ಅವರದೇ ಒಂದು ಲೋಟ ಬೇರೆ ಇಟ್ಟರೆ ಮಡಿಯೂ ಉಳಿಯಿತು, ಶ್ವಾಸಕೋಶವೂ ಉಳಿಯಿತು. ಲಕ್ಷಣ ಹೆಚ್ಚಿದ್ದರೆ ವಾಕ್ ಮತ್ತು ನುಂಗುವಿಕೆಯ ಚಿಕಿತ್ಸಕರನ್ನು ನೋಡಲೇಬೇಕು. ಹುಬ್ಬಳ್ಳಿ-ಧಾರವಾಡದ ದೊಡ್ಡ ಆಸ್ಪತ್ರೆಗಳಲ್ಲಿ ವಿಚಾರಿಸಿ.

ಗಂಟಲಿಗೆ ಕೆಲಸವೂ ಕೊಡಿ. ಭೀಮಸೇನ ಜೋಶಿಯವರು 1922ರಲ್ಲಿ ಹುಟ್ಟಿದ ರೋಣದಲ್ಲಿ, ಹಳ್ಳಿ ಹಳ್ಳಿಗೆ ಭಜನಾ ಮೇಳವಿರುವ ಸೀಮೆಯಲ್ಲಿ, ದನಿ ಕುಗ್ಗಿದವರಿಗೆ ಗಟ್ಟಿಯಾಗಿ ಹಾಡಲು ಜಾಗಕ್ಕೆ ಬರವಿಲ್ಲ. ಪಾರ್ಕಿನ್ಸನ್ನಿನಲ್ಲಿ ಮೆತ್ತಗಾಗುವ ದನಿಗೆ ‘ಜೋರಾಗಿ ಹೇಳು’ ಎಂಬ ಅಭ್ಯಾಸವನ್ನೇ ಚಿಕಿತ್ಸಕರು ಹೇಳಿಕೊಡುತ್ತಾರೆ.

10. ಪಂಕ್ತಿಯಿಂದ ಎಬ್ಬಿಸಬೇಡಿ

ಮದುವೆ ಪಂಕ್ತಿಯಲ್ಲಿ ಸಾರು ಅಂಗಿಯ ಮೇಲೆ ಚೆಲ್ಲಿತು, ಎದುರಿಗಿದ್ದ ಹುಡುಗ ನಕ್ಕ. ಮುಂದಿನ ಮದುವೆಗೆ ಹಿರಿಯರು ‘ನನಗ ಹಸಿವಿಲ್ಲ’ ಅನ್ನುತ್ತಾರೆ. ಆಮೇಲೆ ಮನೆಯಲ್ಲೂ ಎಲ್ಲರ ಜೊತೆ ಕೂರುವುದಿಲ್ಲ. ಒಬ್ಬರೇ ಉಣ್ಣುವವರು ಕಡಿಮೆ ಉಣ್ಣುತ್ತಾರೆ. ಅಂಚು ಎತ್ತರವಿರುವ ಬಟ್ಟಲು, ಹಿಡಿ ದಪ್ಪಗಿರುವ ಭಾರದ ಚಮಚ, ಅರ್ಧವೇ ತುಂಬಿದ ಲೋಟ, ಕೆಳಗೆ ಒದ್ದೆ ಬಟ್ಟೆ ಹಾಸಿದರೆ ಜಾರದ ತಟ್ಟೆ, ಇಷ್ಟು ಸಾಕು. ನೆಲದ ಮೇಲಿನ ಪಂಕ್ತಿಗಿಂತ ಮೇಜು ಒಳ್ಳೆಯದು. ಅವಸರ ಮಾಡಬೇಡಿ, ಅನ್ನ ಆರಿದರೆ ಮತ್ತೆ ಬಿಸಿ ಮಾಡಿ ಕೊಡಿ.

ಕಾಯಿಲೆ ತಾಯಿಗಿದ್ದರೆ ಇನ್ನೊಂದು ತೊಡಕು: ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ರೂಢಿ. ಮೊದಲ ತಟ್ಟೆ ಅವಳದಾಗಲಿ.

11. ಹೊಟ್ಟೆ ಕಟ್ಟದಿರಲಿ

ಮಲಬದ್ಧತೆ ಇದ್ದರೆ ಹಸಿವೂ ಇಲ್ಲ, ಮಾತ್ರೆಯನ್ನೂ ಮೈ ಸರಿಯಾಗಿ ಹೀರಿಕೊಳ್ಳುವುದಿಲ್ಲ. ನೀರು, ಮಜ್ಜಿಗೆ, ಪಪ್ಪಾಯಿ, ಸೊಪ್ಪು, ನಡಿಗೆ. ಸಾಲದಿದ್ದರೆ ವೈದ್ಯರು ಮೆತ್ತಗೆ ಮಾಡುವ ಔಷಧಿ ಕೊಡುತ್ತಾರೆ. ವಾರ ಕಾಯಬೇಡಿ.

12. ಉಪವಾಸಕ್ಕೆ ರಜೆ

ಶ್ರಾವಣ ಸೋಮವಾರವಿರಲಿ, ಏಕಾದಶಿಯಿರಲಿ, ರಂಜಾನ್ ಇರಲಿ, ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಬೇಕಾದವರು ತಾವಾಗಿ ಉಪವಾಸ ಹಿಡಿಯಬಾರದು. ಮಾತ್ರೆ ಒಮ್ಮೆಲೇ ನಿಲ್ಲಿಸಿದರೆ ತೀವ್ರ ಬಿಗಿತ, ಜ್ವರ ಬಂದು ಜೀವಕ್ಕೇ ಕುತ್ತಾಗಬಹುದು. ಯಾವ ಧರ್ಮವೂ ರೋಗಿಗೆ ವಿನಾಯಿತಿ ಇಲ್ಲ ಅನ್ನುವುದಿಲ್ಲ.

13. ಕೊಬ್ಬಲ್ಲ, ಸ್ನಾಯು ಉಳಿಸಿ

ಬರೀ ತಿನ್ನಿಸಿ ಕೂರಿಸಿದರೆ ಕಿಲೋ ಬಂದರೂ ಬಲ ಬರುವುದಿಲ್ಲ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಹತ್ತು ಸಲ, ದಿನಕ್ಕೆ ಎರಡು ಹೊತ್ತು. ಗೋಡೆ ಹಿಡಿದು ಹಿಮ್ಮಡಿ ಎತ್ತುವುದು. ಸಮತಟ್ಟಾದ ದಾರಿಯಲ್ಲಿ ದೊಡ್ಡ ಹೆಜ್ಜೆಯ ನಡಿಗೆ. ಕಾಲಕಾಲೇಶ್ವರನ ಗುಡ್ಡದ ಮೆಟ್ಟಿಲಿಗೆ ಒಬ್ಬರೇ ಹೋಗುವುದು ಬೇಡ, ಪಕ್ಕದಲ್ಲಿ ಗಟ್ಟಿ ಕೈ ಇರಲಿ. ನೇಕಾರರಿಗೆ ಮಗ್ಗದ ಕೆಲಸ ಇನ್ನೂ ಕೈಲಾದರೆ ನಿಲ್ಲಿಸಬೇಡಿ, ಹೊತ್ತು ಕಡಿಮೆ ಮಾಡಿ. ಎಲುಬಿಗೆ ವಿಟಮಿನ್ ಡಿ ಮತ್ತು ಕ್ಯಾಲ್ಸಿಯಂ ಸಾಕಷ್ಟಿದೆಯೇ ಎಂದು ಒಮ್ಮೆ ನೋಡಿಸಿ. ತೆಳ್ಳಗಿನ ಮೈಯವರು ಬಿದ್ದರೆ ಸೊಂಟ ಬೇಗ ಮುರಿಯುತ್ತದೆ.

14. ತೂಕ ಏರಿದರೂ ಕೇಳಿ

ಎಲ್ಲ ಏರಿಕೆಯೂ ಒಳ್ಳೆಯ ಸುದ್ದಿಯಲ್ಲ. ಪ್ರಮಿಪೆಕ್ಸೋಲ್, ರೋಪಿನಿರೋಲ್ ಗುಂಪಿನ ಮಾತ್ರೆಗಳು ಕೆಲವರಲ್ಲಿ ತಡೆಯಲಾರದ ಚಪಲ ಹುಟ್ಟಿಸುತ್ತವೆ. ನಡುರಾತ್ರಿ ಎದ್ದು ಸಿಹಿ ತಿನ್ನುವುದು, ಇದ್ದಕ್ಕಿದ್ದಂತೆ ಇಸ್ಪೀಟು, ಮೊಬೈಲ್ ರಮ್ಮಿಯ ಹುಚ್ಚು. ಜೀವನವಿಡೀ ಎಲೆ ಮುಟ್ಟದ ಮೇಷ್ಟ್ರು ಹೊಲದ ಕಾಗದ ಅಡವಿಟ್ಟರೆ ಅದು ಗುಣದೋಷವಲ್ಲ, ಮಾತ್ರೆಯ ದೋಷ ಇರಬಹುದು. ಮುಚ್ಚಿಡದೆ ವೈದ್ಯರಿಗೆ ಹೇಳಿ, ಅವರು ಬದಲಿಸುತ್ತಾರೆ. ಕಾಲು ಊದಿಕೊಂಡು ಏರಿದ ತೂಕ ನೀರಿನದು. ಬೆಂಗಳೂರಿಗೋ ಬೇರೆಡೆಗೋ ಹೋಗಿ ನಡುಕ, ಹೊಯ್ದಾಟ ತಗ್ಗಿಸಲು ಶಸ್ತ್ರಚಿಕಿತ್ಸೆಯಿಂದ ಮಿದುಳಿಗೆ ವಿದ್ಯುತ್ ತಂತಿ ಹಾಕಿಸಿಕೊಂಡು ಬಂದವರಲ್ಲೂ ತೂಕ ಏರುವುದು ಸಾಮಾನ್ಯ. ಹೊಯ್ದಾಟ ನಿಂತು ಉರಿಯುವ ಶಕ್ತಿ ಉಳಿಯುವುದು ಅದಕ್ಕೆ ಒಂದು ಕಾರಣ. ಅವರಿಗೆ ತುಪ್ಪದ ಸೂತ್ರ ಬೇಡ.

15. ಮನಸ್ಸನ್ನೂ ವಿಚಾರಿಸಿ

‘ಯಾಕ ಉಣ್ಣಬೇಕು’ ಎಂಬ ಮಾತು ಬಂದರೆ ಅದನ್ನು ಹಟ ಅನ್ನಬೇಡಿ. ಖಿನ್ನತೆ ಪಾರ್ಕಿನ್ಸನ್ನಿನ ಭಾಗವೇ, ಅದಕ್ಕೆ ಔಷಧಿ ಇದೆ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನೋಡಿಕೊಳ್ಳುವ ಸೊಸೆ, ಮಗಳು, ಹೆಂಡತಿ ಕೂಡ ಈ ಕರೆ ಮಾಡಬಹುದು. ಅವರ ತೂಕವನ್ನಂತೂ ಯಾರೂ ಕೇಳುವುದೇ ಇಲ್ಲ.

16. ಕಾಗದ ಮಾಡಿಸಿ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ವೈಕಲ್ಯಗಳಲ್ಲಿ ಪಾರ್ಕಿನ್ಸನ್ ಕೂಡ ಒಂದು. ಈ ಮಾತು ನಮ್ಮ ಕಡೆ ಬಹಳ ಮನೆಗಳಿಗೆ ಗೊತ್ತಿಲ್ಲ. ವೈದ್ಯಕೀಯ ಮಂಡಳಿ ಶೇ 40 ಅಥವಾ ಹೆಚ್ಚು ಎಂದು ಪ್ರಮಾಣಪತ್ರ ಕೊಟ್ಟರೆ ಹಲವು ಸೌಲಭ್ಯಗಳಿಗೆ ಅರ್ಹತೆ ಬರುತ್ತದೆ. ಗದಗಿನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಗೆ ಹೋದಾಗ ಇದನ್ನೂ ವಿಚಾರಿಸಿ, ಮಿದುಳಿನ ಆರೋಗ್ಯದ ಕ್ಲಿನಿಕ್ ಯಾವ ದಿನ ಎಂದೂ ಕೇಳಿ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಯೋಜನೆಯಡಿ ಜಿಲ್ಲಾ ಮಟ್ಟದಲ್ಲಿ ಇಂಥ ಕ್ಲಿನಿಕ್‌ಗಳು ಬಂದಿವೆ. ವೈಕಲ್ಯದ ಯುಡಿಐಡಿ ಕಾರ್ಡಿಗೆ ಅರ್ಜಿಯನ್ನು ಆನ್‌ಲೈನ್‌ನಲ್ಲೇ ಹಾಕಬಹುದು, ಅದಕ್ಕೆ ಸರ್ಕಾರದ ಶುಲ್ಕವಿಲ್ಲ.